ಮುಖ ನೋಡಿ ಹೇಳಲಾಗದ ಪದ

ನಮ್ಮ ಮೇಡಂ ತುರುಬಿಗೆ ಹೂ ಮುಡಿದದ್ದನ್ನು ನಾನು ಕಂಡಿಲ್ಲ. ಅಲ್ಲಿ ಸದಾ ಎರಡು ಪೆನ್ಸಿಲ್ ಸಿಕ್ಕಿಸಿಕೊಂಡಿರುತ್ತಿದ್ದರು, ಒಂದು ಕಪ್ಪು, ಒಂದು ಕೆಂಪು. ಕೆಂಪನ್ನು ಎಳೆದರೆಂದರೆ ನನ್ನ ಗ್ರಹಚಾರ ಕೆಟ್ಟಿತು ಎಂದೇ ಅರ್ಥ. ಸಂಜೆ ತೆಗೆಯಲು ಮರೆತು ಹಾಗೇ ಬಸ್ಸು ಹತ್ತಿಬಿಡುತ್ತಿದ್ದರು.

ಜಯನಗರ ನಾಲ್ಕನೇ ಬ್ಲಾಕಿನಲ್ಲಿ, ಪಾತ್ರೆ ಅಂಗಡಿಯ ಮೇಲಿನ ಒಂದೇ ಕೋಣೆ ಅವರ ಅನುವಾದದ ಆಫೀಸು. ಬಾಡಿಗೆ ಕರಾರು, ಜನನ ಪತ್ರ, ವೀಸಾಕ್ಕೆ ಬೇಕಾದ ಕಾಗದ, ಎಲ್ಲವೂ ಕನ್ನಡದಿಂದ ಇಂಗ್ಲಿಷಿಗೆ, ಇಂಗ್ಲಿಷಿನಿಂದ ಕನ್ನಡಕ್ಕೆ. ಹದಿನಾಲ್ಕು ವರ್ಷ ಅವರ ಎದುರಿನ ಮೇಜಿನಲ್ಲಿ ಕೂತು ನನ್ನ ಬೆನ್ನು ಬಿದ್ದುಹೋಯಿತು. ಕಲಿತದ್ದೆಲ್ಲ ಅಲ್ಲೇ.

ಹೊರದೇಶದವರ ಕಾಗದ ಬಂದಾಗಲೆಲ್ಲ ಅವರಿಗೆ ಮಾತು ಉಕ್ಕುತ್ತಿತ್ತು. ಒಬ್ಬ ಮನುಷ್ಯನನ್ನು ದೂರ ಇಡಲು ಇಂಗ್ಲಿಷಿನವರಿಗೆ ಎಷ್ಟು ಪದ ನೋಡು ಎನ್ನುತ್ತಿದ್ದರು. ಸರ್ಕಾರಿ ಫಾರಂನಲ್ಲಿ ಅವನು ಏಲಿಯನ್. ಬೀದಿಯಲ್ಲಿ ಫಾರಿನರ್. ಬಿಳಿಯನಾಗಿ ಸಂಬಳ ಜೋರಾಗಿದ್ದರೆ ಎಕ್ಸ್‌ಪ್ಯಾಟ್. ಕೈಯಲ್ಲಿ ಗಾರೆಯ ಕರಣೆ ಹಿಡಿದಿದ್ದರೆ ಮೈಗ್ರೆಂಟ್. ಫಾರಿನ್ ಎಂಬುದರ ಮೂಲ ಅರ್ಥ ಬಾಗಿಲಾಚೆ ಅಂತಷ್ಟೇ, ದೇಶಗೀಶ ಎಲ್ಲ ಆಮೇಲೆ ಸೇರಿಕೊಂಡದ್ದಂತೆ. ನಾವೇನು ಕಡಿಮೆ ಮೇಡಂ, ಹೊರಗಿನವರು ಅನ್ನುವ ಒಂದೇ ಪದದಲ್ಲಿ ಎಲ್ಲರನ್ನೂ ಗುಡಿಸಿ ಹಾಕುತ್ತೇವೆ ಎಂದು ನಾನು ಕೆಣಕಿದರೆ ನಗುತ್ತಿದ್ದರು.

ಅದಕ್ಕೇ ಅವರದೊಂದು ಕಟ್ಟುನಿಟ್ಟು. ಯಾರನ್ನಾದರೂ ಇಂಥವರು ಎಂದು ಕರೆಯುವ ಪದ ಬರೆದರೆ, ಅದನ್ನು ಆ ಮನುಷ್ಯನ ಎದುರಿಗೇ ಗಟ್ಟಿಯಾಗಿ ಓದಬೇಕು. ಕರಡಿನ ಮೂಲೆಯಲ್ಲಿ ‘ಓದಿದೆ’ ಎಂದು ಬರೆದುಕೊಟ್ಟ ಮೇಲೆಯೇ ಅವರ ಸಹಿ.

“ಮುಖ ನೋಡಿ ಹೇಳಕ್ಕಾಗದ್ದನ್ನ ಕಾಗದದಲ್ಲಿ ಬರೀಬೇಡ ಕಣೆ.”

ಒಮ್ಮೆ ಸುಡಾನಿನ ವಿದ್ಯಾರ್ಥಿಯೊಬ್ಬನಿಗೆ ಏಲಿಯನ್ ಎಂದು ಓದಿ ಹೇಳುವಷ್ಟರಲ್ಲಿ ನನ್ನ ದನಿಯೇ ಉಡುಗಿಹೋಗಿತ್ತು. ಸರ್ಕಾರದ ಫಾರಂ, ಪದ ಬದಲಿಸುವ ಹಾಗಿರಲಿಲ್ಲ. ಮೇಡಂ ಕೆಳಗಿನಿಂದ ಕಾಫಿ ತರಿಸಿ, ಅವನ ಊರು, ಅಮ್ಮ, ಅಡುಗೆ ಎಲ್ಲ ವಿಚಾರಿಸಿ ಕಳಿಸಿದರು.

ಮೂರು ವರ್ಷದ ಹಿಂದೆ, ಪುಟ್ಟೇನಹಳ್ಳಿ ಕೆರೆಯ ಹತ್ತಿರ ಮೇಡಂ ಒಬ್ಬರೇ ಇದ್ದ ಅಪಾರ್ಟ್‌ಮೆಂಟಿನ ಸಂಘದವರು ಗೇಟಿನ ನಿಯಮಗಳನ್ನು ಎರಡೂ ಭಾಷೆಯಲ್ಲಿ ಬರೆದುಕೊಡಿ ಎಂದು ಕೇಳಿದರು. ಮೇಡಂ ಅದನ್ನು ನನಗೆ ದಾಟಿಸಿದರು. ಮೂರನೇ ಮಹಡಿಯ ಜರ್ಮನ್ ದಂಪತಿಗೆ ಎಕ್ಸ್‌ಪ್ಯಾಟ್ ಎಂದು ಬರೆದೆ, ಪೇಂಟಿಂಗ್ ಕೆಲಸದವರಿಗೆ ಮೈಗ್ರೆಂಟ್. ಅಲ್ಲಿ ವಾಸವಿಲ್ಲದ ಮಿಕ್ಕವರೆಲ್ಲ ಔಟ್‌ಸೈಡರ್, ಕನ್ನಡದಲ್ಲಿ ಹೊರಗಿನವರು. ಮನೆಯವರು ಫೋನಿನಲ್ಲಿ ಒಪ್ಪಿದರೆ ಮಾತ್ರ ಹೊರಗಿನವರನ್ನು ಒಳಗೆ ಬಿಡತಕ್ಕದ್ದು. ಹೋಗಿ ನಮ್ಮ ಅಡುಗೆಯವಳಿಗೆ ಓದಿ ಹೇಳಿ ಬಾ ಎಂದರು ಮೇಡಂ. ಆಕೆ ತಿಲಕ್ ನಗರದಿಂದ ಹನ್ನೊಂದು ವರ್ಷ ದಿನವೂ ಬಂದವಳು. ಮನೆಯ ಇನ್ನೊಂದು ಬೀಗದಕೈ ಆಕೆಯ ಸೊಂಟದಲ್ಲೇ ಇರುತ್ತಿತ್ತು.

ನಾನು ಹೋಗಲಿಲ್ಲ. ಆ ವಾರ ಕೆಲಸ ರಾಶಿ ಬಿದ್ದಿತ್ತು, ತಲೆ ಸಿಡಿಯುತ್ತಿತ್ತು. ಒಂದು ಗೇಟಿನ ಬೋರ್ಡಿಗೆ ಇಷ್ಟೆಲ್ಲ ಮಡಿ ಯಾಕೆ ಅನ್ನಿಸಿ, ಮೂಲೆಯಲ್ಲಿ ‘ಓದಿದೆ’ ಎಂದು ಗೀಚಿ ಕೊಟ್ಟುಬಿಟ್ಟೆ. ಮೇಡಂ ಸಹಿ ಹಾಕಿದರು.

ಹಳೆಯ ವಾಚ್‌ಮನ್ ಮುಖ ಪರಿಚಯದ ಮೇಲೆ ಬಿಡುತ್ತಿದ್ದ. ಎರಡು ತಿಂಗಳಿಗೆ ಹೊಸಬ ಬಂದ. ಬಂದ ಮೊದಲ ಬೆಳಿಗ್ಗೆಯೇ ಆಕೆಯನ್ನು ತಡೆದ. ಮೇಡಂ ಫೋನ್ ಎತ್ತುತ್ತಿರಲಿಲ್ಲ. ಆಕೆ ಬೀಗದಕೈ ತೋರಿಸಿದಳಂತೆ, ಬೇಡಿಕೊಂಡಳಂತೆ, ಅವನು ಬೋರ್ಡು ತೋರಿಸಿದನಂತೆ. ಅವನ ತಪ್ಪೇನು ಪಾಪ, ಬರೆದದ್ದನ್ನು ಪಾಲಿಸಿದ. ಸಂಘದ ಕಾರ್ಯದರ್ಶಿ ವಾಕಿಂಗ್ ಮುಗಿಸಿ ಬಂದು ಬಿಡು ಎನ್ನುವ ಹೊತ್ತಿಗೆ ಒಂದು ಗಂಟೆ ಕಳೆದಿತ್ತು. ಅಷ್ಟೂ ಹೊತ್ತು ಮೇಡಂ ಸೊಂಟ ಮುರಿದುಕೊಂಡು ಬಚ್ಚಲಿನ ಒದ್ದೆ ನೆಲದ ಮೇಲೆ ಬಿದ್ದಿದ್ದರು.

ಆಸ್ಪತ್ರೆಯಲ್ಲಿ ತಡೆಯಲಾರದೆ ಎಲ್ಲ ಹೇಳಿಬಿಟ್ಟೆ. ಓದಿ ಹೇಳಿದ್ದರೆ ನಾನೂ ಹೊರಗಿನವಳಾ ಎಂದು ಆಕೆ ಕೇಳಿಯೇ ಕೇಳುತ್ತಿದ್ದಳು, ನಾನು ತಿದ್ದಿರುತ್ತಿದ್ದೆ ಎಂದು ಅತ್ತೆ. ಮೇಡಂ ಕೈಸನ್ನೆ ಮಾಡಿ ಹತ್ತಿರ ಕೂರಿಸಿಕೊಂಡರು.

“ನಂಗೆ ಗೊತ್ತಿತ್ತು ಕಣೆ. ಓದಿ ಹೇಳಿದ್ಲಾ ಅಂತ ಅವತ್ತೇ ಅವಳನ್ನ ಕೇಳಿದ್ದೆ, ಇಲ್ಲ ಅಂದ್ಲು. ಗೊತ್ತಿದ್ದೂ ಸಹಿ ಹಾಕ್ದೆ. ನಂಗೂ ಸುಸ್ತಾಗಿತ್ತು. ಇಬ್ಬರದೂ ತಪ್ಪು, ಬಿಡು.”

ಆ ಮಾತನ್ನು ಹಿಡಿದುಕೊಂಡು ನಾನು ಬದುಕಿದೆ, ಉಂಡೆ, ನಿದ್ದೆ ಮಾಡಿದೆ. ಮೇಡಂ ಮತ್ತೆ ಎದ್ದು ಓಡಾಡಲಿಲ್ಲ. ನಾಲ್ಕು ತಿಂಗಳಿಗೆ ಹೋಗಿಬಿಟ್ಟರು.

ಹದಿಮೂರನೆಯ ದಿನ ಬಂದವರ ಊಟವೆಲ್ಲ ಮುಗಿದ ಮೇಲೆ ಅಡುಗೆಯವಳೂ ನಾನೂ ಅಡುಗೆಮನೆಯಲ್ಲಿ ಉಳಿದೆವು. ಆಕೆಯ ಕ್ಷಮೆ ಕೇಳಬೇಕಿತ್ತು, ಕೇಳಿದೆ. ಮೇಡಂ ವಿಚಾರಿಸಿದಾಗ ನೀನು ಇದ್ದದ್ದನ್ನೇ ಹೇಳಿದೆಯಂತೆ, ಒಳ್ಳೆಯದೇ ಮಾಡಿದೆ ಎಂದೆ. ಆಕೆ ಲೋಟ ತೊಳೆಯುವುದನ್ನು ನಿಲ್ಲಿಸಿ ನನ್ನತ್ತ ತಿರುಗಿದಳು.

“ಇಲ್ವಲ್ಲಕ್ಕ. ಆ ಬೋರ್ಡಿನ ವಿಷ್ಯ ಅಮ್ಮ ನನ್ನ ಒಂದ್ಸಲಾನೂ ಕೇಳ್ಲಿಲ್ಲ.”

ಕಾಗದದ ಮೇಲೆ ಒಂದಕ್ಷರ ಸುಳ್ಳು ಬರೆಯದ ಹೆಂಗಸು, ನಾನು ನಿದ್ದೆ ಮಾಡಲೆಂದು ಸುಳ್ಳು ಹೇಳಿ ಹೋಗಿದ್ದರು.