ಕ್ಯಾಮೆರಾದೊಳಗಿದ್ದ ನನ್ನ ಹೆಸರು

ಕೊರಗಜ್ಜನನ್ನು ನಂಬಿದ ಬಂಧುಗಳೇ, ಕಳೆದ ವರ್ಷ ಮಳೆಗಾಲದ ಆಟಿ ತಿಂಗಳು ಮುಗಿದ ಮೇಲೆ ನನ್ನ ಹೊಟ್ಟೆಗೆ ಬೆಂಕಿ ಬಿದ್ದಿತ್ತು. ಬೆಳ್ತಂಗಡಿಯಲ್ಲಿ ಡಾಕ್ಟರರಿಗೆ ತೋರಿಸಿದೆ. ಗ್ಯಾಸ್ಟ್ರಿಕ್ ಎಂದು ಮಾತ್ರೆ ಕೊಟ್ಟರು. ಮಾತ್ರೆಗೆ ಹೋಗುವ ಉರಿ ಅದಾಗಿರಲಿಲ್ಲ. ನನ್ನ ಶಿಷ್ಯೆಯೊಬ್ಬಳ ಮೇಲಿನ ಹೊಟ್ಟೆಕಿಚ್ಚು ಅದು. ಹೇಳಲು ನಾಚಿಕೆ. ಆದರೆ ಬೇಡಿದ್ದು ಸಿಕ್ಕಿದರೆ ನಾಲ್ಕು ಜನಕ್ಕೆ ತಿಳಿಸುತ್ತೇನೆ ಎಂದು ಅಜ್ಜನ ಕಟ್ಟೆಯಲ್ಲಿ ಹೇಳಿಕೊಂಡವನು ನಾನು. ಈಗ ಬಾಯಿ ಮುಚ್ಚಿಕೊಂಡರೆ ಆಗುತ್ತದೆಯೇ?

ಗುರುವಾಯನಕೆರೆಯಲ್ಲಿ ನನ್ನದೊಂದು ಸ್ಟುಡಿಯೋ ಇದೆ. ಮದುವೆ, ಗೃಹಪ್ರವೇಶ, ಪಾಸ್‌ಪೋರ್ಟ್ ಫೋಟೋ. ವಾರದಲ್ಲಿ ಎರಡು ಮಧ್ಯಾಹ್ನ ವೇಣೂರು ದಾರಿಯ ಬಸ್ಸು ಹಿಡಿದು ಮೂಡುಬಿದಿರೆಯ ಒಂದು ಕಾಲೇಜಿಗೆ ಪಾಠಕ್ಕೆ ಹೋಗುತ್ತೇನೆ. ಪಾಠದ ಹೆಸರು ಕೇಳಿ ನಗಬೇಡಿ: ‘ಅಂತಾರಾಷ್ಟ್ರೀಯ ಮಾರುಕಟ್ಟೆಗೆ ಛಾಯಾಗ್ರಹಣ’. ಹೊರದೇಶದ ಏಜೆನ್ಸಿಗಳಿಗೆ ಚಿತ್ರ ಹೇಗೆ ಕಳುಹಿಸಬೇಕು, ಕೆಳಗೆ ಇಂಗ್ಲಿಷಿನಲ್ಲಿ ಎರಡು ಸಾಲು ಹೇಗೆ ಬರೆಯಬೇಕು, ಚಿತ್ರದಲ್ಲಿರುವವರ ಒಪ್ಪಿಗೆ ಹೇಗೆ ಪಡೆಯಬೇಕು, ಎಲ್ಲ ಕಲಿಸುತ್ತೇನೆ. ನಾನೇ ಹದಿನಾಲ್ಕು ವರ್ಷ ಕಳುಹಿಸಿದವನು. ಒಂದೂ ಆಯ್ಕೆಯಾಗಲಿಲ್ಲ. ಮಕ್ಕಳಿಗೆ ಅದನ್ನು ಹೇಳಿರಲಿಲ್ಲ.

“ಕಂಬಳ ತೆಗೆಯಿರಿ, ಯಕ್ಷಗಾನದ ಬಣ್ಣ ತೆಗೆಯಿರಿ. ಫಾರಿನ್‌ನವರಿಗೆ ಬೇಕಾದ್ದು ಅದು” ಎನ್ನುತ್ತಿದ್ದೆ.

ಕಲ್ಲಡ್ಕದ ಸಫಾ ಎಂಬ ಹುಡುಗಿ ಮಾತ್ರ ಕೇಳಲಿಲ್ಲ. ಅವಳಲ್ಲಿ ಕ್ಯಾಮೆರಾ ಇರಲಿಲ್ಲ. ಆಟಿಯಲ್ಲಿ ಮದುವೆಗಳಿಲ್ಲವಲ್ಲ, ಸುಮ್ಮನೆ ಕೂತಿದ್ದ ಸ್ಟುಡಿಯೋದ ಕ್ಯಾಮೆರಾವನ್ನು ಒಂದು ವಾರಕ್ಕೆ ಅವಳಿಗೆ ಕೊಟ್ಟೆ. ಅವಳು ತೆಗೆದು ತಂದದ್ದು, ಮನೆಯಲ್ಲಿ ಕಟ್ಟಿದ ಬೀಡಿ ಒಪ್ಪಿಸುವ ಬ್ರಾಂಚಿನ ಫೋಟೋ. ಹೆಂಗಸರು ಸಾಲಾಗಿ ನಿಂತಿದ್ದಾರೆ. ಕಟ್ಟು ಬಿಚ್ಚಿ ಬೀಡಿ ಪರೀಕ್ಷೆ ಮಾಡುವವನ ಬೆರಳನ್ನೇ ಎಲ್ಲರೂ ನೋಡುತ್ತಿದ್ದಾರೆ. ಸಾಲಿನಲ್ಲಿ ಮೂರನೆಯವಳು ಅವಳ ಉಮ್ಮ, ತಾಯಿ.

“ಇದನ್ನು ಯಾರು ನೋಡ್ತಾರೆ ಮಾರಾಯ್ತಿ? ಬಣ್ಣವೇ ಇಲ್ಲ” ಎಂದೆ.

“ನನಗೆ ಇದೇ ಕಳಿಸುವ ಅಂತ ಉಂಟು ಸರ್” ಎಂದಳು. ಕಳುಹಿಸಿದಳು.

ಜರ್ಮನಿಯ ಒಂದು ಸಂಸ್ಥೆ ಕೆಲವೇ ಕೆಲವು ಎಳೆಯರನ್ನು ಆರಿಸಿ, ಅಲ್ಲಿಗೆ ಕರೆಸಿ ತರಬೇತಿ ಕೊಟ್ಟು, ದೊಡ್ಡ ದೊಡ್ಡ ಪತ್ರಿಕೆಗಳಿಗೆ ಪರಿಚಯ ಮಾಡಿಸುತ್ತದೆ. ಕೊನೆಯ ಸುತ್ತಿಗೆ ಸಫಾಳ ಚಿತ್ರ ಹೋಯಿತು. ಕಾಲೇಜಿನಲ್ಲಿ ಲಾಡು ಹಂಚಿದರು. ನನ್ನನ್ನೇ ಮೈಕಿನ ಮುಂದೆ ನಿಲ್ಲಿಸಿ ಅವಳ ಬಗ್ಗೆ ನಾಲ್ಕು ಮಾತು ಆಡಿಸಿದರು. ಆಡಿದೆ. ಲಾಡನ್ನು ತಿನ್ನದೆ ಜೇಬಿಗೆ ಹಾಕಿಕೊಂಡೆ. ಅಂಥ ಬ್ರಾಂಚುಗಳ ಎದುರೇ ನನ್ನ ಬಸ್ಸು ಎಷ್ಟು ವರ್ಷ ಹೋಗಿದೆ! ನನ್ನ ಕಣ್ಣಿಗೆ ಮಣ್ಣು ಬಿದ್ದಿತ್ತೇ? ಗುರುವಿಗೇ ತಿರುಮಂತ್ರ ಎಂದರೆ ಇದೇ ಎಂದುಕೊಂಡೆ. ಅವಳ ಮೆಸೇಜು ಬಂದರೆ ತೆರೆಯಲಿಲ್ಲ. ಆ ಫೋಟೋವನ್ನು ಕಂಪ್ಯೂಟರಿನಲ್ಲಿ ದೊಡ್ಡದು ಮಾಡಿ ತಪ್ಪು ಹುಡುಕಿದೆ. ಗೋಡೆ ಸ್ವಲ್ಪ ವಾರೆಯಾಗಿತ್ತು. ಅಷ್ಟಕ್ಕೇ ಒಂದು ದಿನ ಊಟ ರುಚಿಸಿತು.

“ಎಂತ ನಿಮ್ಮ ಮೋರೆ, ಹುಳಿ ತಿಂದ ಹಾಗೆ?” ಎಂದಳು ಹೆಂಡತಿ ಪುಷ್ಪಾ. “ಆ ಹುಡುಗಿ ಗೆದ್ದದ್ದಕ್ಕಾ?”

“ನಿನಗೆ ಎಂತ ಗೊತ್ತುಂಟು!” ಎಂದು ಗದರಿಸಿದೆ.

ಕಳೆದುಹೋದ ವಸ್ತು ಸಿಗಬೇಕಾದರೆ ನಮ್ಮಲ್ಲಿ ಅಜ್ಜನಿಗೆ ಹೇಳಿಕೊಳ್ಳುವುದು ನಿಮಗೆಲ್ಲ ಗೊತ್ತೇ ಇದೆ. ಒಂದು ಮಂಗಳವಾರ ಲಾಯಿಲದ ಹತ್ತಿರದ ಕಟ್ಟೆಗೆ ಹೋಗಿ ಕೈಮುಗಿದೆ. “ಅಜ್ಜಾ, ನನಗೆ ಸಿಗಬೇಕಾದ ಹೆಸರು ಬೇರೆಯವರ ಕೈಗೆ ಹೋಗಿದೆ. ಹುಡುಕಿ ಕೊಡು. ಚಕ್ಕುಲಿ, ವೀಳ್ಯ ತಂದೊಪ್ಪಿಸುತ್ತೇನೆ. ನಾಲ್ಕು ಜನಕ್ಕೆ ತಿಳಿಸುತ್ತೇನೆ.” ಹೀಗೇ ಬೇಡಿದೆ, ಒಂದಕ್ಷರ ಹೆಚ್ಚಿಲ್ಲ, ಕಡಿಮೆಯಿಲ್ಲ.

ಶನಿವಾರ ಮಧ್ಯಾಹ್ನ ಸಫಾ ಎರಡು ಬಸ್ಸು ಬದಲಿಸಿ ಸ್ಟುಡಿಯೋಗೆ ಬಂದಳು. ಮುಖ ಬಾಡಿತ್ತು. ಜರ್ಮನಿಯವರು ತಿದ್ದದ ಮೂಲ ಫೈಲು ತರಿಸಿಕೊಂಡಿದ್ದರಂತೆ. ಫೈಲಿನ ಒಳಗೆ ಚಿತ್ರ ತೆಗೆದವರ ಹೆಸರಿನ ಜಾಗದಲ್ಲಿ ನನ್ನ ಹೆಸರಿತ್ತು! ಮದುವೆ ಹಾಲ್‌ನಲ್ಲಿ ಒಬ್ಬರ ಫೋಟೋ ಇನ್ನೊಬ್ಬರು ಎತ್ತಿಕೊಂಡು ಹೋಗುತ್ತಾರೆಂದು ನಾವು ಸ್ಟುಡಿಯೋದವರು ಹೊಸ ಕ್ಯಾಮೆರಾ ತಂದ ದಿನವೇ ಅದರೊಳಗೆ ಹೆಸರು ಹಾಕಿಡುತ್ತೇವೆ. ಆಮೇಲೆ ಯಾರು ಕ್ಲಿಕ್ಕಿಸಿದರೂ ಅದೇ ಹೆಸರು ಕೂರುತ್ತದೆ. ಅದು ನನಗೇ ಮರೆತುಹೋಗಿತ್ತು. ಚಿತ್ರ ಯಾರದ್ದೆಂದು ಇಬ್ಬರೂ ಸೋಮವಾರದೊಳಗೆ ಬರೆದು ತಿಳಿಸಬೇಕು, ಇಲ್ಲದಿದ್ದರೆ ಸಫಾಳನ್ನು ಕೈಬಿಡುತ್ತೇವೆ ಎಂದು ಮೇಲ್ ಬಂದಿತ್ತು.

ಸುಳ್ಳು ಹೇಳುವುದಿಲ್ಲ, ನನಗೆ ಸಂತೋಷವಾಯಿತು. ನಾಲ್ಕೇ ದಿನಗಳಲ್ಲಿ ಅಜ್ಜ ಕೊಟ್ಟುಬಿಟ್ಟರಲ್ಲ!

“ನಾನು ತೆಗೆದದ್ದು ಅಂತ ನೀವು ಒಂದು ಸಾಲು ಬರೆದರೆ ಸಾಕು ಸರ್” ಎಂದಳು ಸಫಾ.

“ನೋಡುವ. ಈಗ ಮಂಡೆಬಿಸಿಯಲ್ಲಿದ್ದೇನೆ” ಎಂದು ಕಳುಹಿಸಿದೆ. ಅವಳು ಬಾಗಿಲ ತನಕ ಹೋಗಿ ತಿರುಗಿ ನೋಡಿದಳು.

ಕ್ಯಾಮೆರಾ ನನ್ನದು, ಲೆನ್ಸು ನನ್ನದು, ಕಲಿಸಿದವನು ನಾನು. ಕೆಲಸದ ಹುಡುಗರು ತೆಗೆದ ಮದುವೆ ಆಲ್ಬಮ್ಮಿನ ಮೇಲೂ ನನ್ನ ಹೆಸರೇ ತಾನೇ ಇರುವುದು? ಹೀಗೆ ಸಂಜೆವರೆಗೂ ನನಗೆ ನಾನೇ ವಕೀಲನಾದೆ. ಅಜ್ಜನಿಗೆ ಹೇಳಿಕೊಂಡದ್ದು ಸಿಕ್ಕಿತು ಎಂದಷ್ಟೇ ಪುಷ್ಪಾಳಿಗೆ ಹೇಳಿದೆ.

“ಹಾಗಾದರೆ ನಾಳೆಯೇ ಒಪ್ಪಿಸಿ ಬನ್ನಿ. ಅಜ್ಜನದ್ದು ಬಾಕಿ ಇಡ್ಬಾರ್ದು” ಎಂದು ಚಕ್ಕುಲಿ ತರಿಸಿಟ್ಟಳು.

ಭಾನುವಾರ ಬೆಳಿಗ್ಗೆ ಕಟ್ಟೆಗೆ ಹೋದೆ. ಕಟ್ಟೆ ನೋಡಿಕೊಳ್ಳುವವರು ಬಾಬಣ್ಣ ಎಂಬ ಹಿರಿಯರು. ಹರಕೆ ಒಪ್ಪಿಸುವವರು ಕಳೆದದ್ದೇನು, ಸಿಕ್ಕಿದ್ದೆಲ್ಲಿ ಎಂದು ಬಾಯಿಬಿಟ್ಟು ಹೇಳಬೇಕೆಂಬುದು ಅವರು ನಡೆಸಿಕೊಂಡು ಬಂದ ಕ್ರಮ.

“ಎಂತ ಕಳೆದದ್ದು?” ಎಂದು ಕೇಳಿದರು.

“ನನ್ನ ಹೆಸರು.”

“ಎಲ್ಲಿ ಸಿಕ್ಕಿತು?”

“ಒಂದು ಫೋಟೋದ ಒಳಗೆ.”

“ನೀವು ತೆಗೆದದ್ದಾ?”

ಹೌದು ಎಂದು ಹೇಳಲು ಬಾಯಿ ತೆರೆದೆ. ಅಜ್ಜನ ಎದುರು ನಿಂತು ನಾಲಗೆ ಹೊರಳಲಿಲ್ಲ. “ಅಲ್ಲ. ಒಂದು ಹುಡುಗಿ ತೆಗೆದದ್ದು” ಎಂದೆ.

ಬಾಬಣ್ಣ ನನ್ನ ಕೈಯ ಚಕ್ಕುಲಿ ಕಟ್ಟನ್ನು ತೆಗೆದುಕೊಳ್ಳಲೇ ಇಲ್ಲ. “ಹಾಗಾದರೆ ಕಳಕೊಂಡದ್ದು ಆ ಹುಡುಗಿ ಮಾರಾಯ್ರೆ. ಹರಕೆ ಅವಳು ಹೇಳ್ಬೇಕಿತ್ತು. ನೀವು ಯಾಕೆ ಬಂದದ್ದು?” ಎಂದರು.

ಅಯ್ಯೋ, ಭೂಮಿ ಬಾಯಿಬಿಡಬಾರದೇ ಎನಿಸಿತು. ಬೇಡಿದ್ದನ್ನು ಅಜ್ಜ ಬೇಡಿದ ಹಾಗೇ ಕೈಗಿಟ್ಟಿದ್ದರು. ಕೈಗೆ ಬಂದಾಗ ತಿಳಿಯಿತು, ಅದು ಕದ್ದ ಮಾಲು. ಅಲ್ಲೇ ಕಟ್ಟೆಯ ಬದಿಯಲ್ಲಿ ಕೂತು ಮೊಬೈಲಿನಲ್ಲಿ ಜರ್ಮನಿಯವರಿಗೆ ಬರೆದೆ: ‘ಕ್ಯಾಮೆರಾ ನನ್ನದು. ಚಿತ್ರ ನನ್ನದಲ್ಲ. ಇಂಥ ಚಿತ್ರ ಬೇಡ ಎಂದು ಅವಳಿಗೆ ಹೇಳಿದವನೇ ನಾನು. ತೆಗೆದವಳು ಸಫಾ.’ ಕಳುಹಿಸಿ ಅವಳಿಗೆ ಫೋನ್ ಮಾಡಿದೆ.

“ನೀವು ಬರೀತೀರಿ ಅಂತ ಉಮ್ಮ ಹೇಳಿದ್ರು ಸರ್. ನನಗೆ ಮಾತ್ರ ನಂಬಿಕೆ ಇರಲಿಲ್ಲ” ಎಂದು ಅತ್ತಳು. ನನ್ನ ಮನಸ್ಸನ್ನು ಅವಳು ಸರಿಯಾಗಿಯೇ ಓದಿದ್ದಳು.

ಸಫಾ ಜರ್ಮನಿಗೆ ಹೋಗಿ ಬಂದಳು. ಈಗ ಅಲ್ಲಿಯ ಪತ್ರಿಕೆಗಳು ಅವಳಿಂದ ಚಿತ್ರ ತರಿಸಿಕೊಳ್ಳುತ್ತವೆ. ನನ್ನ ಹೊಟ್ಟೆಕಿಚ್ಚು ಪೂರ್ತಿ ಹೋಯಿತೇ ಎಂದು ಕೇಳಿದರೆ, ಇಲ್ಲ. ಹೊಸ ತರಗತಿಯ ಮೊದಲ ದಿನ ಮಕ್ಕಳ ಕೈಗೆ ಸ್ಟುಡಿಯೋದ ಕ್ಯಾಮೆರಾ ಕೊಟ್ಟು, ಒಳಗಿರುವ ನನ್ನ ಹೆಸರನ್ನು ಅಳಿಸಿ ಅವರವರ ಹೆಸರು ಹಾಕಿಸುತ್ತೇನೆ. ಒಂದೊಂದೇ ಅಕ್ಷರ ಅಳಿಯುವುದನ್ನು ನೋಡುವಾಗ ಈಗಲೂ ಹೊಟ್ಟೆಯಲ್ಲಿ ಸಣ್ಣಗೆ ಉರಿ ಏಳುತ್ತದೆ. ಕ್ಯಾಮೆರಾ ಹಿಂದಕ್ಕೆ ಕಿತ್ತುಕೊಳ್ಳುವ ಎನಿಸುತ್ತದೆ. ಆಗ ‘ಅಜ್ಜಾ’ ಎಂದು ಕರೆಯುತ್ತೇನೆ. ಕರೆದಾಗ ಒಂದು ಸಲವೂ ಅವರು ಬಾರದೆ ಉಳಿದಿಲ್ಲ.