ಜಿಪ್ ಕಟ್ಟದೆ ಹೋದ ಬಂಡಲ್

ಲಾಕ್‌ಡೌನ್ ಮುಗಿದ ಮರುವರ್ಷ ರಾಯದುರ್ಗದ ಒಂದು ಜೀನ್ಸ್ ಯೂನಿಟ್‌ನ ಸಾಫ್ಟ್‌ವೇರ್ ನನ್ನ ಜವಾಬ್ದಾರಿಯಲ್ಲಿತ್ತು. ಸೊಂಟ ಒಂದಿಂಚು ಏರಿದರೆ ತೊಡೆ ಎಷ್ಟು ಏರಬೇಕೆಂಬ ಲೆಕ್ಕ ಡಿಸೈನ್‌ನಿಂದ ಡಿಸೈನ್‌ಗೆ ಬೇರೆ. ಅದನ್ನು ನಾಲ್ಕು ಸಾಲಿನ ಕೋಡ್ ಆಗಿ ಬರೆದರೆ, ನನ್ನ ಪ್ರೋಗ್ರಾಂ ಕಂಪೈಲರ್ ಎಪಿಐ ಮೂಲಕ ಅಲ್ಲೇ ಕಂಪೈಲ್ ಮಾಡಿ, ಅಂದರೆ ಯಂತ್ರದ ಭಾಷೆಗೆ ಇಳಿಸಿ, ಎಲ್ಲ ಸೈಜಿನ ಕಟಿಂಗ್ ನಕ್ಷೆ ಪ್ರಿಂಟ್ ತೆಗೆಯುತ್ತಿತ್ತು. ಇದನ್ನೇ ನಂಬಿ ಮಾಲೀಕರು ಬಟ್ಟೆಯ ಮೇಲೆ ಕೈಯಿಂದ ಗುರುತು ಹಾಕುವ ಮಾಸ್ತರನ್ನು ಕೆಲಸದಿಂದ ಬಿಡಿಸಿಬಿಟ್ಟಿದ್ದರು.

ಒಂದು ಬೆಳಿಗ್ಗೆ ಹಳೆಯ ಕಂಪ್ಯೂಟರ್ ಕೈಕೊಟ್ಟಿತು. ಹೊಸದನ್ನು ತರಿಸಿ, ಪ್ರೋಗ್ರಾಮನ್ನು ಹೊಸ ರನ್‌ಟೈಮ್‌ಗೆ, ಅಂದರೆ ಅದು ಓಡಲು ಬೇಕಾದ ತಳಹದಿಯ ಹೊಸ ಆವೃತ್ತಿಗೆ, ಬದಲಿಸಿದೆ. ಕಂಪೈಲ್ ಆಗಲಿಲ್ಲ, ಅಸೆಂಬ್ಲಿ ರೆಫರೆನ್ಸ್ ಇಲ್ಲವೆಂಬ ಎರರ್. ಅಸೆಂಬ್ಲಿ ಎಂದರೆ ಸಿದ್ಧ ಕೋಡ್ ಇರುವ ಫೈಲ್. ಯಾವ್ಯಾವುದು ಬೇಕೆಂದು ಕಂಪೈಲರ್‌ಗೆ ನಾವೇ ಹೇಳಬೇಕು. ಸಂಜೆಯ ರೈಲಿಗೆ, ಆರ್ಡರ್ ಕೊಡಲು ಬಂದಿದ್ದ ಏಜೆಂಟರು ಸ್ಯಾಂಪಲ್ ಪ್ಯಾಂಟು ಒಯ್ಯಬೇಕಿತ್ತು. ತಪ್ಪಿದರೆ ಆರ್ಡರ್ ಬಳ್ಳಾರಿಯ ಯೂನಿಟ್‌ನವರ ಪಾಲು.

ಕಟಿಂಗ್ ಮೇಜಿನ ಶಾಂತಮ್ಮ ಹತ್ತಿರದ ಕಣೇಕಲ್ಲಿನವರು. ಬೆಂಗಳೂರಿನ ಗಾರ್ಮೆಂಟ್ಸ್‌ನಲ್ಲಿ ವರ್ಷಗಟ್ಟಲೆ ದುಡಿದು, ಲಾಕ್‌ಡೌನ್‌ನಲ್ಲಿ ವಾಪಸಾಗಿ, ಕೊನೆಗೂ ಮಗಳ ಜೊತೆ ಒಂದೇ ಸೂರಿನಡಿ ಇದ್ದರು. ಈ ಆರ್ಡರ್ ಹೋದರೆ ಮತ್ತೆ ಬೆಂಗಳೂರೇ. ಕತ್ತರಿ ಹಿಡಿದು ನನ್ನ ಬೆನ್ನ ಹಿಂದೆ ನಿಂತು, ಏನಾಗಿದೆ ಎಂದು ಕೇಳಿದರು. ವಿವರಿಸಿದೆ.

"ಜಿಪ್ ಕಟ್ಟದ ಬಂಡಲ್ ಕಳಿಸಿದಂಗ ಆತೇನ್ರಿ?"

"ಹೌದ್ರಿ. ಯಾವ ಜಿಪ್ ಅಂತ ತಿಳೀವಲ್ದು."

ನಮ್ಮಲ್ಲಿ ಕತ್ತರಿಸಿದ ಬಟ್ಟೆಯ ಬಂಡಲ್ ಆಟೋದಲ್ಲಿ ಮನೆಮನೆಗೆ ಹೊಲಿಗೆಗೆ ಹೋಗುತ್ತದೆ. ದಾರ, ಜಿಪ್, ಗುಂಡಿ ಎಲ್ಲ ಜೊತೆಗೇ ಕಟ್ಟಬೇಕು. ನಾನೂ ತೋಚಿದ ರೆಫರೆನ್ಸ್‌ಗಳನ್ನೆಲ್ಲ ಕಟ್ಟಿದೆ. ಮತ್ತದೇ ಎರರ್. ಕೊಟ್ಟ ಚಹಾ ಮುಟ್ಟದೆ ಏಜೆಂಟರು ಗಡಿಯಾರ ನೋಡುತ್ತಿದ್ದರು. ಕೈಯಿಂದ ಗುರುತು ಹಾಕಿಕೊಡಲು ಮಾಸ್ತರೂ ಇರಲಿಲ್ಲ.

ಹೊತ್ತು ಇಳಿದ ಮೇಲೆ ಹೊಳೆಯಿತು. ಹಳೆಯ ರನ್‌ಟೈಮ್‌ನಲ್ಲಿ ಸಂಖ್ಯೆ, ಅಕ್ಷರದಂಥ ಮೂಲ ಟೈಪ್‌ಗಳೆಲ್ಲ ಒಂದೇ ಅಸೆಂಬ್ಲಿಯಲ್ಲಿದ್ದವು, ಹೊಸದರಲ್ಲಿ ಹಂಚಿಹೋಗಿವೆ. ನನ್ನ ಕೋಡ್‌ಗೆ ಬೇಕಾದ ಅಳತೆಯ ಲೈಬ್ರರಿಯನ್ನು ಸೇರಿಸಿದ್ದೆ, ಆ ಲೈಬ್ರರಿಗೆ ಬೇಕಾದ ಸಿಸ್ಟಮ್ ರನ್‌ಟೈಮ್ ಎಂಬ ಅಸೆಂಬ್ಲಿ ಬಿಟ್ಟುಹೋಗಿತ್ತು. ಒಂದೇ ಒಂದು ಸಾಲು ಸೇರಿಸಿದ್ದೇ ತಡ, ನಕ್ಷೆ ಪ್ರಿಂಟ್ ಆಗತೊಡಗಿತು. ಶಾಂತಮ್ಮ ಬಟ್ಟೆ ಹಾಸಿ ಕತ್ತರಿ ಹಾಕಿದರು. ಮೊದಲ ಪ್ಯಾಂಟು ಮಿಷನ್ನಿನಿಂದ ಇಳಿಯುವ ಮುನ್ನವೇ ಏಜೆಂಟರು ಬರಿಗೈಯಲ್ಲಿ ಸ್ಟೇಷನ್ನಿಗೆ ಹೊರಟುಹೋದರು. ಆರ್ಡರ್ ಬಳ್ಳಾರಿಗೆ ಹೋಯಿತು.

ಕೆಲವು ವಾರಗಳ ಬಳಿಕ ಶಾಂತಮ್ಮ ಬಸ್ ನಿಲ್ದಾಣದಲ್ಲಿ ಕಂಡರು. ಮಗಳನ್ನು ತಮ್ಮ ಅವ್ವನ ಹತ್ತಿರ ಬಿಟ್ಟು ಬೆಂಗಳೂರಿಗೆ ಹೊರಟಿದ್ದರು. ನನ್ನ ಮೇಲೆ ಸಿಟ್ಟಿರಲಿಲ್ಲ, ಅದೇ ಕಷ್ಟವಾಯಿತು.

"ಕಂಪ್ಯೂಟರ್ ಈಗ ಚಲೋ ನಡೀತೈತೇನ್ರಿ, ಸರ್?"

ನಡೆಯುತ್ತಿದೆ ಎಂದೆ. ಅದು ನಿಜವೂ ಆಗಿತ್ತು.

ಈಗ ನಾನು ರೆಫರೆನ್ಸ್‌ಗಳನ್ನು ಊಹಿಸುವುದಿಲ್ಲ. ರನ್‌ಟೈಮ್‌ನಿಂದಲೇ ಪೂರ್ತಿ ಪಟ್ಟಿ ಕೇಳಿ ಪಡೆದು ಕಂಪೈಲರ್‌ಗೆ ಕೊಡುತ್ತೇನೆ. ಇದು ಕಲಿಯಲು ಸುಲಭ. ಇನ್ನೊಂದು ಪಾಠ ಮಾತ್ರ ಆ ಬಸ್ಸಿನಲ್ಲಿ ಹೊರಟವರಿಂದ ಬಂದದ್ದು: ಯಾವ ಯೂನಿಟ್‌ಗೆ ಹೋದರೂ, ಮಾಸ್ತರನ್ನು ಬಿಡಿಸಬೇಡಿ ಎಂದು ಹೇಳಿದ ಮೇಲೆಯೇ ನಾನು ಲ್ಯಾಪ್‌ಟಾಪ್ ತೆರೆಯುವುದು.