ಯಾರ ಹೆಸರಿನಲ್ಲಿ ಪ್ರಿಂಟು?

ಅಧಿಕಾರ ತಲೆಗೇರುವುದು ಹೇಗೆಂದು ತಿಳಿಯಲು ದೊಡ್ಡ ಕುರ್ಚಿಯೇ ಬೇಕಿಲ್ಲ. ಕಚೇರಿಯ ಪ್ರಿಂಟರಿನ ಪರವಾನಗಿ ಕೈಗೆ ಬಂದರೆ ಸಾಕು. ಸೇಡಂನ ನಮ್ಮ ಕಚೇರಿಯಲ್ಲಿ ಕಂಪ್ಯೂಟರುಗಳನ್ನು ನೋಡಿಕೊಳ್ಳುವವನು ನಾನು. ಮೇಜಿಗೊಂದು ಕಂಪ್ಯೂಟರು ಇದ್ದರೂ ಪ್ರಿಂಟರು ಮಾತ್ರ ಎಲ್ಲರಿಗೂ ಸೇರಿ ಒಂದೇ. ಅದರಿಂದ ಕಚೇರಿಯ ಕಾಗದಕ್ಕಿಂತ ಮಕ್ಕಳ ಹಾಲ್ ಟಿಕೆಟು, ಬಸುರಿಯರ ಕುಬುಸದ ಆಮಂತ್ರಣ, ವಾಡಿಯಲ್ಲಿ ಹತ್ತಬೇಕಾದ ರೈಲಿನ ಟಿಕೆಟುಗಳೇ ಹೆಚ್ಚಾಗಿ ಹೊರಬರುತ್ತಿದ್ದವು. ಹೊಸದಾಗಿ ಬಂದ ಸಾಹೇಬರು ಒಂದು ವಾರ ಇದನ್ನು ನೋಡಿ ನನ್ನನ್ನು ಕರೆಸಿದರು.

"ಕೆಲಸ ಇದ್ದವರಿಗಷ್ಟೇ ಪ್ರಿಂಟ್ ಬರಂಗ ಮಾಡ್ರಿ. ನೌಕರಿಯೊಳಗ ಇಲ್ಲದವರ ಹೆಸರೆಲ್ಲ ತೆಗೆದುಬಿಡ್ರಿ."

ಮರುದಿನದಿಂದ ನನ್ನ ಕಿಮ್ಮತ್ತೇ ಬೇರೆಯಾಯಿತು. ತಲೆ ಎತ್ತಿ ನೋಡದವರು ಚಹಾಕ್ಕೆ ಕರೆದರು. ಮಳಖೇಡದ ಕೋಟೆಯ ಬಾಗಿಲಲ್ಲೂ ಒಂದು ಕಾಲಕ್ಕೆ ಯಾರು ಒಳಗೆ, ಯಾರು ಹೊರಗೆ ಎಂದು ತೀರ್ಮಾನಿಸುವವನೊಬ್ಬ ಇದ್ದಿರಬೇಕು. ಅವನೂ ಮೀಸೆ ತಿರುವಿಕೊಂಡೇ ನಿಂತಿದ್ದಾನು. ಈಗ ಅಲ್ಲಿ ಆಡುಗಳು ಯಾರನ್ನೂ ಕೇಳದೆ ಓಡಾಡುತ್ತವೆ.

ವರ್ಗವಾದವರ, ನಿವೃತ್ತರಾದವರ ಹೆಸರುಗಳನ್ನು ಪ್ರಿಂಟರಿನ ಪಟ್ಟಿಯಿಂದ ಸಲೀಸಾಗಿ ಅಳಿಸುತ್ತ ಹೋದ ನಾನು ಶರಣಪ್ಪ ಎಂಬ ಹೆಸರಿನ ಮುಂದೆ ನಿಂತುಬಿಟ್ಟೆ. ಶರಣಪ್ಪ ನಮ್ಮ ಗುಮಾಸ್ತ. ಎದೆನೋವಿನಿಂದ ತೀರಿಕೊಂಡು ಎರಡು ವರ್ಷವಾಗಿತ್ತು. ಅನುಕಂಪದ ಆಧಾರದ ಮೇಲೆ ಆ ಕೆಲಸ ಅವನ ಹೆಂಡತಿ ಮಹಾನಂದಾ ಅವರಿಗೆ ಸಿಕ್ಕಿತ್ತು. ಅದೇ ಕುರ್ಚಿ, ಅದೇ ಕಂಪ್ಯೂಟರು. ಕಂಪ್ಯೂಟರಿನೊಳಗಿನ ಹೆಸರನ್ನು ಬದಲಿಸಬೇಕೆಂದು ಯಾರಿಗೂ ಹೊಳೆದಿರಲಿಲ್ಲ. ಒಬ್ಬರ ಕಾಗದ ಇನ್ನೊಬ್ಬರಿಗೆ ಹೋಗದಿರಲೆಂದು ನಮ್ಮ ಪ್ರಿಂಟರು ಪ್ರತಿ ಕಟ್ಟಿನ ಮೇಲೂ ಕಳಿಸಿದವರ ಹೆಸರಿನ ಹಾಳೆಯೊಂದನ್ನು ಹಾಕುತ್ತದೆ. ಹೀಗಾಗಿ ಶರಣಪ್ಪ ದಿನವೂ ಹೊರಬರುತ್ತಲೇ ಇದ್ದ.

ನನ್ನ ಮನಸ್ಸು ತಾನಾಗಿಯೇ ಕರಗಿತು. ಗಂಡನ ಹೆಸರನ್ನು ಈಕೆ ಬೇಕೆಂದೇ ಉಳಿಸಿಕೊಂಡಿದ್ದಾರೆ, ಅದನ್ನು ಅಳಿಸುವ ಪಾಪ ನನಗೇ ಬಂತಲ್ಲ ಎಂದುಕೊಂಡೆ. ಸಮಾಧಾನದ ನಾಲ್ಕು ಮಾತು ಕೂಡಿಸಿಕೊಂಡು ಅವರ ಮೇಜಿನ ಬಳಿ ಹೋದೆ. ದನಿ ಇಳಿಸಿ, "ಅಕ್ಕಾರ, ಸಾಹೇಬರ ಆರ್ಡರ್ ಅದರಿ. ಶರಣಪ್ಪನ ಹೆಸರು ತೆಗೀಬೇಕಾಗ್ತದ. ಬ್ಯಾಸರ ಮಾಡ್ಕೋಬ್ಯಾಡ್ರಿ" ಎಂದೆ.

ಅವರು ಕೀಲಿಮಣೆಯಿಂದ ಕೈ ತೆಗೆದರು.

"ಇವತ್ತೇ ತೆಗೀರಿ, ಅಣ್ಣಾರ. ಅವರ ಫೋಟೋ ಮನ್ಯಾಗ ಅದ, ದಿನಾ ಹೂ ಇಡ್ತೀನಿ. ಇಲ್ಲಿ ಕೆಲಸ ಮಾಡಾಕತ್ತಾಕಿ ನಾನು. ಪ್ರಿಂಟ್ ಬಂದಾಗೊಮ್ಮೆ 'ಶರಣಪ್ಪಂದು ಬಂತು' ಅಂತ ಒದರತಾರ. ಆ ಹೆಸರು ಕೇಳಿ ನಾನು ಎದ್ದು ಹೋಗಬೇಕು. ಎದಿ ಝಲ್ ಅಂತದರಿ. ಯಾರಿಗೆ ಹೇಳಬೇಕಂತ ತಿಳೀಲಿಲ್ಲ."

ಕೂಡಿಸಿಕೊಂಡು ಹೋಗಿದ್ದ ಮಾತುಗಳಲ್ಲಿ ಒಂದೂ ಕೆಲಸಕ್ಕೆ ಬರಲಿಲ್ಲ. ಪರರ ದುಃಖವನ್ನು ನಾವೇ ಊಹಿಸಿ, ನಾವೇ ಅದಕ್ಕೆ ಕಾವಲು ಕೂರುವುದು ಎಷ್ಟು ಸುಲಭ! ಅವರ ಕಂಪ್ಯೂಟರಿನ ಮುಂದೆ ಕುಳಿತು ಹಳೆಯ ಹೆಸರು ತೆಗೆದೆ, ಹೊಸದನ್ನು ಹಾಕಿದೆ. ಕೊನೆಯ ದೀರ್ಘವನ್ನು ಮರೆತಿದ್ದೆ. ಅವರೇ ಹೇಳಿ ಹಾಕಿಸಿದರು.

ಆಮೇಲೆ ಒಂದು ಪ್ರಿಂಟು ಕೊಟ್ಟರು. ಯಂತ್ರ ಗೊರಗುಟ್ಟಿ ಹಾಳೆ ಉಗುಳಿತು. ಅದರ ಪಕ್ಕ ಕೂರುವ ಖಾಜಾಸಾಬರು ಕಟ್ಟು ಎತ್ತಿಕೊಂಡರು, ಓದಿದರು, ಕನ್ನಡಕ ಸರಿಮಾಡಿಕೊಂಡು ಮತ್ತೆ ಓದಿದರು.

"ಮಹಾನಂದಾ ಅವರದು ಬಂತ್ರೀ!"

ಆಕೆ ಏಳಲಿಲ್ಲ. "ಕೇಳಸಲಿಲ್ರಿ, ಇನ್ನೊಮ್ಮೆ ಅನ್ರಿ" ಎಂದರು.

ಚೆನ್ನಾಗಿಯೇ ಕೇಳಿಸಿತ್ತು.